ನಿಶಿತಕ್ಕನ ಕುರ್ಚಿ

ನಿಶಿತಕ್ಕ ಕೂತಲ್ಲಿ ಕೂರುವವರಲ್ಲ. ಗ್ರೇಟರ್ ನೋಯ್ಡಾದಿಂದ ದೆಹಲಿಯ ಓಖ್ಲಾದಲ್ಲಿರುವ ನನ್ನ ಆಫೀಸಿನವರೆಗೆ ಅವರ ಕಾರಿನಲ್ಲಿ ಬರುವ ಒಂದೂಕಾಲು ಗಂಟೆಯೂ ಸ್ಟಿಯರಿಂಗಿನ ಮೇಲೆ ಬೆರಳುಗಳು ಓಡಾಡುತ್ತಿರುತ್ತವೆ, ಸಿಗ್ನಲ್ಲಿನಲ್ಲಿ ಕಿಟಕಿಯ ಗಾಜು ಸುಮ್ಮಸುಮ್ಮನೆ ಇಳಿದು ಏರುತ್ತದೆ, ಕೊರಳಿನ ಮಫ್ಲರ್ ಬಿಚ್ಚಿಕೊಂಡು ಮತ್ತೆ ಸುತ್ತಿಕೊಳ್ಳುತ್ತದೆ. ಯಾರಾದರೂ ಹಿಂದಿನಿಂದ ಕರೆದುಬಿಟ್ಟಾರು ಎಂಬಂತೆ ನಡೆಯುತ್ತಾರೆ. ಮೈಮೇಲೆ ತಮ್ಮ ಅಪ್ಪ ಕರ್ನಲ್ ಪೊನ್ನಣ್ಣನವರ ಹಳೆಯ ಸೇನೆಯ ಕೋಟು, ತೋಳಿಗೆ ಎರಡು ಮಡಿಕೆ.

ದಂಡುಪ್ರದೇಶಗಳಲ್ಲಿ ಬೆಳೆದು, ಕಾನ್ವೆಂಟಿನ ವೃಂದಗಾನದಲ್ಲಿ ದನಿ ಕಂಡುಕೊಂಡ ಈ ಕೊಡಗಿನ ಹೆಣ್ಣುಮಗಳು ಇಪ್ಪತ್ತೆರಡು ವರ್ಷಗಳಿಂದ ಪಾಶ್ಚಾತ್ಯ ಸಂಗೀತದ ಮೆಜೊ-ಸೊಪ್ರಾನೊ ಗಾಯಕಿ. ಹೆಂಗಸರ ಅತಿ ಎತ್ತರದ ದನಿಗಿಂತ ಒಂದು ಮೆಟ್ಟಿಲು ಕೆಳಗಿನ, ತುಸು ದಟ್ಟವಾದ ದನಿ ಅದು. ಅವರು ಹೆಸರಾದದ್ದು ಒರೆಟೋರಿಯೊಗಳಲ್ಲಿ. ವೇಷವಿಲ್ಲದೆ, ಅಭಿನಯವಿಲ್ಲದೆ, ಬರೀ ಹಾಡಿನಿಂದ ಕಥೆ ಹೇಳುವ ದೀರ್ಘ ಕಛೇರಿಗಳವು. ಅವುಗಳ ಕಟ್ಟುಪಾಡೇ ಅವರಿಗೆ ಶಿಕ್ಷೆ. ಒಂಟಿಯಾಗಿ ಹಾಡುವವರು ಮೊದಲಿನಿಂದಲೇ ವೇದಿಕೆಯ ಮುಂಭಾಗದಲ್ಲಿ ಸಭೆಗೆ ಮುಖಮಾಡಿ ಕೂತಿರಬೇಕು. ತಮ್ಮ ಹಾಡಿನ ವಾದ್ಯ ಶುರುವಾದಾಗ ಮಾತ್ರ ಏಳಬೇಕು.

ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಹಿರಿಯರಾದ ಅಶ್ವತ್ಥನಾರಾಯಣರು ಕೆಣಕಿದರು: "ಅದೆಲ್ಲ ಇರಲಿ ತಾಯಿ, ನಮಗರ್ಥವಾಗೋ ಹಾಗೆ ಒಂದು ದೇವರನಾಮ ಹಾಡಬಾರದಾ?"

"ಹಾಡ್ತೀನಿ ಅಂಕಲ್. ಅದಕ್ಕೆ ಮೊದಲು ಮುಕ್ಕಾಲು ಗಂಟೆ ಮಾತಾಡದೆ ಕೂರ್ತೀರಾ?"

ಅವರು ಕಾಫಿಯ ಕಡೆ ಹೊರಟುಹೋದರು.

ಹೋದ ಚಳಿಗಾಲದಲ್ಲಿ ಈ ಊರಿನ ಹೊಗೆ ನಿಶಿತಕ್ಕನ ಎದೆಗಿಳಿಯಿತು. ಕೆಮ್ಮು ಹೋಯಿತು, ನಡುವಿನ ಎರಡು ಸ್ವರಗಳಲ್ಲಿ ಒಂದು ಬಿರುಕು ಉಳಿಯಿತು. ಅವರನ್ನು ಬಿಟ್ಟರೆ ಬೇರೆ ಯಾರಿಗೂ ಅದು ಕೇಳುತ್ತಿರಲಿಲ್ಲ. ಈ ಡಿಸೆಂಬರಿನಲ್ಲಿ ಚಾಣಕ್ಯಪುರಿಯ ಸಭಾಂಗಣವೊಂದರಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಹಾಡು ಅವರ ಪಾಲಿಗಿತ್ತು. ಹದಿನಾರು ವರ್ಷಗಳಿಂದ ಅದು ಅವರದೇ ಹಾಡು. ಹೋಗುವ ದಾರಿಯಲ್ಲಿ, ಹಿಂದಿನ ಸೀಟಿನಲ್ಲಿದ್ದ ಶಿಷ್ಯೆ ಅದಿತಿಗೆ ಹೇಳಿದರು:

"ಕೋರಸ್ಸಿನ ತುದೀಲಿ ಕೂತಿರು. ವಾದ್ಯ ಶುರುವಾದ ಮೇಲೂ ನಾನು ಏಳದಿದ್ರೆ ನೀನು ಎದ್ದು ಹಾಡು. ವಾದ್ಯವೃಂದ ನಡೆಸೋ ಕಂಡಕ್ಟರ್‌ಗೆ ಹೇಳಿದೀನಿ."

"ಅಕ್ಕ, ಪ್ಲೀಸ್! ನೀವು ಏಳ್ತೀರ. ಪಕ್ಕಾ."

"ಅಚ್ಛಾ, ನೀನೇನು ಜ್ಯೋತಿಷಿಯಾ? ನೀರು ಕುಡಿ."

ನಾನು ಸಭೆಯ ಮೂರನೆಯ ಸಾಲಿನಲ್ಲಿದ್ದೆ. ಕಪ್ಪು ಗೌನಿನ ಅಂಚಿನಲ್ಲಿ ಅವರ ಬಲಪಾದ ನೆಲವನ್ನು ಸಣ್ಣಗೆ ತಟ್ಟುತ್ತಲೇ ಇತ್ತು, ಬೇರೆಯವರ ಹಾಡಿಗೆ, ನಡುವಿನ ಮೌನಕ್ಕೆ, ಸಭೆಯಲ್ಲಿ ಯಾರದೋ ಕೆಮ್ಮಿಗೆ. ವಯಲಿನ್‌ಗಳು ತಾಯಿಯ ಹಾಡನ್ನು ಎತ್ತಿಕೊಂಡವು. ಪಾದ ನಿಂತಿತು. ಅವರ ಇಡೀ ಮೈ ಹಾಗೆ ನಿಶ್ಚಲವಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಏಳಿ, ಏಳಿ ಎಂದು ನನ್ನ ಮೊಣಕಾಲುಗಳೇ ಒತ್ತುತ್ತಿದ್ದವು. ಅವರ ಹಿಂದೆ, ದೂರದಲ್ಲಿ, ಅದಿತಿ ಎದ್ದಳು. ಮೊದಲ ಸ್ವರ ನಡುಗಿತು, ಎರಡನೆಯದು ಗಟ್ಟಿಯಾಗಿ ನಿಂತಿತು.

ಮರಳುವಾಗ, ಯಮುನೆ ದಾಟಿದ ಮೇಲೆ, ನಿಶಿತಕ್ಕನ ಬೆರಳುಗಳು ಸ್ಟಿಯರಿಂಗಿನ ಮೇಲೆ ಮತ್ತೆ ಓಡಾಡತೊಡಗಿದವು.

"ಹಾಡಿನ ಮೂರನೇ ಸಾಲಲ್ಲಿ ಉಸಿರು ಬೇಗ ತಗೊಂಡೆ ಅದಿತಿ. ಅಳೋದು ಸಾಕು. ನಾಳೆ ಏಳಕ್ಕೆ ಬಾ."

ಕೆಲವರ ಚಡಪಡಿಕೆಯನ್ನು ನಾವು ಅಸಹನೆಯೆಂದು ತಿಳಿಯುತ್ತೇವೆ. ತಮ್ಮ ದನಿಯ ಬಿರುಕನ್ನು ಲೋಕಕ್ಕಿಂತ ಮೊದಲು ತಾವೇ ಕೇಳಿಸಿಕೊಳ್ಳುವ ಜನ ಅವರು. ಕೇಳಿಸಿಕೊಂಡ ಮೇಲೆ ನೆಮ್ಮದಿಯಾಗಿ ಕೂರುವುದು ಹೇಗೆ? ಜೀವಮಾನದಲ್ಲಿ ಒಮ್ಮೆ ಮಾತ್ರ ಅವರು ಅಲುಗಾಡದೆ ಕೂರುತ್ತಾರೆ, ಹಾಡು ಎದ್ದು ನಿಲ್ಲಲಿ ಎಂದು.