ಊಟದ ಡಬ್ಬಿಯ ಕೂಗು

ತಗಡು ಮುಚ್ಚಿದರೂ ದನಿಯ ಗೆರೆ ಗೂಟದಂತೆ ಹಾಗೇ ನಿಂತಿದೆಯಲ್ಲ, ಲ್ಯಾಪ್‌ಟಾಪಿನ ಪರದೆಯ ನಟ್ಟನಡುವೆ, ನೆಟ್ಟಗೆ, ನಾಚಿಕೆಯಿಲ್ಲದೆ, ಆಕಾಶದ್ದೇ ಆಗಿದ್ದರೆ ಅಲೆ ಹಿಡಿಯುವ ಕೊಂಬಿನ ಬಾಯಿ ಮುಚ್ಚಿದ ಮೇಲೆ ಅಳಿಸಿಹೋಗಬೇಕಿತ್ತು, ಹೋಗಲಿಲ್ಲ, ಅಂದರೆ ಇದು ಮೇಲಿನಿಂದ ಬಂದದ್ದಲ್ಲ, ಡಬ್ಬಿಯೊಳಗೇ ಹುಟ್ಟಿದ್ದು — ಚೈತ್ರಾ ಪರದೆಗೆ ಇನ್ನಷ್ಟು ಬಾಗಿದಳು, ಒಂದು ವಾರದಿಂದ ಇದನ್ನೇ ಆಕಾಶಗಂಗೆಯ ದನಿ ಎಂದು ನಂಬಿದ್ದಳು, ಮುಚ್ಚಿ ನೋಡುವ ಬುದ್ಧಿ ಇವತ್ತು ಬಂತು, ಬಿಚ್ಚಿಡುವ ದಿನ, ಕೊನೆಯ ದಿನ. ಕಾಲೇಜಿನ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥೆ ಅನುಸೂಯ ಮೇಡಂ ಅವಳನ್ನು ತಬ್ಬಿಕೊಂಡು ಸ್ಟಾಫ್ ರೂಮಿಗೆಲ್ಲ ಸಾರಿದ್ದರು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಎಲ್ಲರೂ ಕೈ ಕುಲುಕಿದ್ದರು, ಬೆಳಗ್ಗೆ ಮೇಡಂ ಹೇಳಿದ್ದು, ಹೆಂಗೂ ಸಿಕ್ತಲ್ಲ ಚೈತ್ರಾ, ನಾಳೆ ಸೋಲಾರ್‌ನವರು ಬರ್ತಾರೆ, ಇವತ್ತೇ ತಾರಸಿ ಖಾಲಿ ಮಾಡ್ಬಿಡಮ್ಮ. ಏನು ಸಿಕ್ಕಿತು ಮೇಡಂ, ನನ್ನದೇ ಊಟದ ಡಬ್ಬಿ ನನಗೇ ಕೂಗಿದ್ದು ಸಿಕ್ಕಿತು. ಎಣ್ಣೆ ಡಬ್ಬಗಳ ತಗಡು ಬಿಡಿಸಿ ಬೆಸುಗೆ ಹಾಕಿದ ಅಗಲ ಬಾಯಿಯ ಕೊಂಬು ಮುಗಿಲಿಗೆ ಬಾಯಿ ತೆರೆದು ನಿಲ್ಲಬೇಕಾದದ್ದು ಈಗ ತಗಡು ಹೊದ್ದು ನಿಂತಿದೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಕಂಬಳಿ ಹಾಸಿಕೊಂಡು ಅಪ್ಪ ಪಾಪಣ್ಣ ಕೂತಿದ್ದಾನೆ, ಮಗಳ ಯಂತ್ರ ಕೆಲಸ ಮಾಡುವುದನ್ನು ಕಾಣಲೆಂದು ಶ್ರೀರಾಂಪುರದಿಂದ ಬಸ್ಸು ಹತ್ತಿ ಬಂದವನು, ಯಂತ್ರ ನೋಡದೆ ಅವಳ ಮುಖವನ್ನೇ ನೋಡುತ್ತಿದ್ದಾನೆ. ಯಾಕವ್ವ, ಮಕ ಸಣ್ಣಗೆ ಮಾಡ್ಕಂಡೆ, ಏನಿಲ್ಲಪ್ಪ, ಸುಮ್ನಿರು ಸ್ವಲ್ಪ.

ಮಧ್ಯಾಹ್ನದ ಬಿಸಿಲು, ಮಾರ್ಗಶಿರದ್ದಾದರೂ ತಾರಸಿ ಕಾಯುತ್ತಿದೆ, ದೂರದ ಗುಡ್ಡದ ನೆತ್ತಿಯಲ್ಲಿ ಗಾಳಿ ಫ್ಯಾನುಗಳು ಆಕಳಿಸುತ್ತಾ ತಿರುಗುತ್ತಿವೆ, ಈ ಬಿಸಿಲಿನ ಹಿಂದೆಯೇ, ಈ ಖಾಲಿ ನೀಲಿಯ ಹಿಂದೆಯೇ ಆಕಾಶಗಂಗೆ ಈಗ ಸರಿಯಾಗಿ ನೆತ್ತಿಗೆ ಬರುತ್ತಿದೆ, ಯಾರಿಗೂ ಕಾಣದಂತೆ, ಅದನ್ನು ನೆನೆದಾಗಲೆಲ್ಲ ಅವಳಿಗೆ ಮೈ ಜುಮ್ಮೆನ್ನುತ್ತದೆ, ಹಗಲಿನಲ್ಲೂ ನಕ್ಷತ್ರಗಳ ಹೊಳೆ ನಮ್ಮ ತಲೆಯ ಮೇಲೆಯೇ ಹರಿಯುತ್ತದೆ, ನಾವು ಕೆಳಗೆ ಬಸ್ಸಿಗೆ ಕಾಯುತ್ತಿರುತ್ತೇವೆ. ಅಲ್ಲಿ ನಕ್ಷತ್ರಗಳ ನಡುವಿನ ಜಲಜನಕ ರೇಡಿಯೋ ಅಲೆಯಾಗಿ ಸಣ್ಣಗೆ ಉಸುರುತ್ತದೆ, ಅಷ್ಟೇ, ಬರೀ ಉಸಿರು, ಈ ಊರಿನ ಕೋಟೆಗೆ ಯಾರೂ ಕಲ್ಲು ಹೊರುವ ಮೊದಲೇ, ಇಲ್ಲಿ ಊರೆಂಬುದು ಹುಟ್ಟುವ ಮೊದಲೇ ಹೊರಟ ಉಸಿರು ಇವತ್ತು ಬಂದು ಎಣ್ಣೆ ಡಬ್ಬದ ಬಾಯಿಗೆ ಬೀಳುತ್ತದೆ, ಅಷ್ಟು ದೂರ ನಡೆದು ಬಂದದ್ದನ್ನು ಬಾಗಿಲಲ್ಲೇ ಕಳೆದುಕೊಂಡರೆ, ದೇವರೇ. ಮೂರು ಆಂಪ್ಲಿಫೈಯರ್ ಸಾಲಾಗಿ ಜೋಡಿಸಿದ್ದಳು, ಮೊದಲನೆಯದು ಕೇಳಿದ್ದನ್ನು ದೊಡ್ಡದು ಮಾಡಿ ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಎರಡಿದ್ದರೆ ಸಾಕು ಎಂದು ಒಳಗಿನ ಬುದ್ಧಿ ಹೇಳಿತ್ತು, ಇರಲಿ ಇನ್ನೊಂದು ಎಂದು ಆಸೆ ಹೇಳಿತ್ತು, ಅತಿಯಾದರೆ ಅಮೃತವೂ ವಿಷ, ದೂಳು ಬೀಳಬಾರದೆಂದು, ಮೊಬೈಲ್ ಟವರಿನ ಗದ್ದಲ ನುಗ್ಗಬಾರದೆಂದು ಮೂರನ್ನೂ ತನ್ನ ಸ್ಟೀಲಿನ ಊಟದ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದಿದ್ದಳು. ಬಿಗಿದದ್ದೇ ತಪ್ಪು — ಕೊನೆಯದರ ಗಟ್ಟಿ ಕೂಗು ಸ್ಟೀಲಿಗೆ ಬಡಿದು ವಾಪಸು ಮೊದಲನೆಯದರ ಕಿವಿಗೇ ಬೀಳುತ್ತದೆ, ಅದು ಮತ್ತೆ ಅದನ್ನೇ ದೊಡ್ಡದು ಮಾಡುತ್ತದೆ, ಮದುವೆ ಛತ್ರದ ಮೈಕು ಕುಂಯ್ಯೆನ್ನುವ ಹಾಗೆ, ಸುತ್ತಿ ಸುತ್ತಿ ತನ್ನದೇ ಕೂಗು. ಮುಚ್ಚಳ ತೆಗೆದಳು, ಗೂಟ ಕುಗ್ಗಿತು, ಬೀಳಲಿಲ್ಲ, ವೈರು ಅಲ್ಲಾಡಿಸಲು ಕೈ ಇಳಿಸಿದಳು, ಅಂಗೈ ಇನ್ನೂ ಏನನ್ನೂ ಮುಟ್ಟಿಲ್ಲ, ಸುಮ್ಮನೆ ಮೇಲೆ ನೆರಳಿನಂತೆ ಬಂತು, ಗೂಟ ಮಾಯ. ಕೈ ತೆಗೆದಳು, ಗೂಟ. ಕೈ ಇಟ್ಟಳು, ಇಲ್ಲ.

ಅಂಗೈ, ಬಾಯಿ ಮೇಲೆ ಅಂಗೈ, ಅಪ್ಪನದು — ಎಲ್ಲಿತ್ತು ಇಷ್ಟು ದಿನ ಈ ನೆನಪು, ಅವಳಿನ್ನೂ ಚಿಕ್ಕವಳು, ಕಪ್ಪು ಕವಿಯುವ ಹೊತ್ತು, ಮುಳ್ಳುಬೇಲಿಯ ರೊಪ್ಪದೊಳಗೆ ಕುರಿಗಳೆಲ್ಲ ಬಂದಿವೆ, ಒಂದು ಮರಿ ಬಂದಿಲ್ಲ, ಅವಳು ಸಾಕಿದ ಮೂಗುಬಿಳಿ ಮರಿ, ಅವಳು ಬೇಲಿ ಹಿಡಿದು ಕೂಗುತ್ತಾಳೆ, ಅವಳು ಕೂಗಿದರೆ ಮರಿಗಳು ಕೂಗುತ್ತವೆ, ಮರಿಗಳಿಗೆ ತಾಯಿಗಳು, ತಾಯಿಗಳಿಗೆ ಮತ್ತೆ ಮರಿಗಳು, ಯಾರು ಮೊದಲು ಕೂಗಿದ್ದೆಂದೇ ಯಾರಿಗೂ ನೆನಪಿಲ್ಲ, ರೊಪ್ಪ ಅನ್ನುವುದು ಒಂದೇ ಬಾಯಿ. ಕೂಗಬ್ಯಾಡ ಕಣವ್ವ, ನಾವು ಕೂಗಿದ್ರೆ ಇವೂ ಕೂಗ್ತವೆ, ಅದ್ರದ್ದು ಕೇಳಾಕಿಲ್ಲ. ಅಪ್ಪ ಹೋಗಿ ಎಲ್ಲಕ್ಕಿಂತ ಜೋರಾಗಿ ಅರಚುವ ಮರಿಯನ್ನು ತೊಡೆಗೆ ಒತ್ತಿಕೊಂಡು ಅದರ ಮೂತಿಯ ಮೇಲೆ ಅಂಗೈ ಇಟ್ಟ, ಮೆತ್ತಗೆ, ಉಸಿರು ಕಟ್ಟದಂತೆ, ಪಕ್ಕದ್ದು ಸುಮ್ಮನಾಯಿತು, ಅದರ ಪಕ್ಕದ್ದು, ಹಾಗೇ ಇಡೀ ರೊಪ್ಪ ಸುಮ್ಮನಾಯಿತು, ಆ ನಿಶ್ಶಬ್ದಕ್ಕೆ ಅವಳಿಗೆ ಭಯವಾಯಿತು, ಆಗ, ಎಲ್ಲೋ, ಕಲ್ಲುಬಂಡೆಗಳ ಆಚೆಯಿಂದ, ದಾರದಂಥ ಒಂದು ಮ್ಯಾ.

ಮೂರನೆಯ ಆಂಪ್ಲಿಫೈಯರನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು, ಹೋಗು, ನಿನ್ನ ಗಂಟಲು ಸಾಕು. ಬಿಡಿಭಾಗಗಳನ್ನು ಚುಚ್ಚಿ ಕಳಿಸುವ ಕರಿ ಸ್ಪಂಜು, ಇದ್ದಿಲು ಬೆರೆತದ್ದು, ಸುತ್ತುವ ಅಲೆಯನ್ನು ನುಂಗುವಂಥದ್ದು, ಚೀಲದ ತಳದಲ್ಲೇ ಇತ್ತು, ಕತ್ತರಿಸಿ ಮುಚ್ಚಳದ ಒಳಮೈಗೆ ಅಂಟಿಸಿದಳು, ಅಂಗೈಯ ಬದಲಿಗೆ ಅಂಗೈಯಷ್ಟೇ ಅಗಲ, ಮುಚ್ಚಳ ಒತ್ತಿದಳು, ಗೂಟವಿಲ್ಲ, ಬಯಲು, ಏನೂ ಇಲ್ಲದ ಚಪ್ಪಟೆ ಬಯಲು. ಅಪ್ಪಾ, ಆ ತಗಡು ತೆಗಿ. ಇದನ್ನಾ, ಹೂಂ ಅಪ್ಪ, ಮೆತ್ತಗೆ ತೆಗಿ. ಅಪ್ಪ ಎದ್ದು ಬಂದು ತಗಡನ್ನೆತ್ತಿದ, ಕೊಂಬು ಮುಗಿಲಿಗೆ ಬಾಯಿ ತೆರೆಯಿತು, ಪರದೆಯಲ್ಲಿ ಬಯಲು, ಬಯಲೇ, ಇನ್ನೂ ಬಯಲು, ಆಮೇಲೆ ನಡುವಿನಲ್ಲಿ ಏನೋ ಉಬ್ಬಿತು, ಗೂಟದಂತಲ್ಲ, ಗರ್ವವಿಲ್ಲ, ಮಲಗಿದ ಕುರಿಯ ಬೆನ್ನಿನಷ್ಟು ಒಂದು ದಿಬ್ಬ, ಮೆಲ್ಲಗೆ, ಮೆಲ್ಲಗೆ. ಮುಚ್ಚಪ್ಪ ಅಂದಳು, ಅಪ್ಪ ಮುಚ್ಚಿ ಎರಡೂ ಅಂಗೈ ಒತ್ತಿ ಹಿಡಿದ, ದಿಬ್ಬ ಕರಗಿ ಹೋಯಿತು, ಅವಳ ಕಣ್ಣು ತುಂಬಿ ಪರದೆ ಮಂಜಾಯಿತು, ತೆಗಿಯಪ್ಪ, ತೆಗೆದ, ಬಂತು, ಅದೇ, ಅಲ್ಲೇ. ಏನವ್ವ ಅದು, ಮುಗಿಲಿಂದು ಅಪ್ಪ, ಸಾವಿರಾರು ವರ್ಸದ ಹಿಂದೆ ಹೊಂಟಿದ್ದು. ಅಪ್ಪ ಪರದೆಯನ್ನು ನೋಡಿದ, ಮೇಲೆ ಖಾಲಿ ನೀಲಿಯನ್ನು ನೋಡಿದ, ತುಂಬ ಹೊತ್ತು ನೋಡಿದ. ಅಷ್ಟು ದೂರ್ದಿಂದ ಕೂಗ್ತೈತಾ, ಯಾರ್ನ ಹುಡುಕ್ತೈತವ್ವ ಅದು.

ಕೆಳಗಿನಿಂದ ಅನುಸೂಯ ಮೇಡಂ, ಇನ್ನೂ ಬಿಚ್ಚಿಲ್ವೇನಮ್ಮ, ಹತ್ತಿ ಬರುತ್ತಿದ್ದಾರೆ, ಚಪ್ಪಲಿ ಸದ್ದು, ಬರಲಿ, ಹೇಳಬೇಕು, ಹೋದ ವಾರದ್ದು ಸುಳ್ಳು ಮೇಡಂ, ಇವತ್ತಿನದು ನಿಜ, ಹೇಳುತ್ತಾಳೆ, ಈಗಲ್ಲ, ಈಗ ಬಾಯಿ ತೆರೆದರೆ ಆ ಉಸಿರು ಕೇಳದು — ಸುಮ್ಮನಿರಿ, ಎಲ್ಲರೂ ಸುಮ್ಮನಿರಿ — ಅಪ್ಪನ ಕೈಯಲ್ಲಿ ತಗಡು, ತಗಡಿನ ಮೇಲೆ ಅಂಗೈ, ಆ ಅಂಗೈ, ಕಪ್ಪಿನಲ್ಲಿ ಮರಿಯ ಮೂತಿಯ ಮೇಲೆ, ಮೆತ್ತಗೆ, ಆ ಅಂಗೈ