ಬಾರದ ಅಲೆಯ ಲೆಕ್ಕ

ಆ ವರ್ಷ ಊರಿಗೆ ಊರೇ ಬೇಡ ಬೇಡ ಅನ್ನುತ್ತಿದ್ದ ಸೋಂಕಿನ ಅಲೆಯ ದಾರಿ ಕಾಯುತ್ತಿದ್ದವಳು ನಮ್ಮ ಚಿಕ್ಕಮ್ಮ ಒಬ್ಬಳೇ. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವುದಾದರೂ ಹೇಗೆ? ಸೋಂಕು ಮತ್ತೆ ಏರಿದರೆ ಜನ ಸಾಯುತ್ತಾರೆ. ಏರದಿದ್ದರೆ ಅವಳ ವಾರ್ಡಿಗೆ ಬೀಗ. ಆಸ್ಪತ್ರೆಯ ಹಿಂಭಾಗದಲ್ಲಿ ತಗಡಿನ ಚಾವಣಿ ಹಾಕಿ ಅವಸರದಲ್ಲಿ ಎಬ್ಬಿಸಿದ ವಾರ್ಡು ಅದು. ಚಿಕ್ಕಮ್ಮ ಅಲ್ಲಿ ಗುತ್ತಿಗೆ ನರ್ಸು. ವಾರ್ಡು ಇರುವಷ್ಟು ದಿನ ಕೆಲಸ.

ನನ್ನ ಕೆಲಸ ಇನ್ನೂ ತಮಾಷೆಯದು. ನಮ್ಮ ಕಾಲೇಜಿನ ಮೇಷ್ಟ್ರು ಆರೋಗ್ಯ ಕಚೇರಿಗೆ ಮುನ್ಸೂಚನೆ ಬರೆದುಕೊಡುತ್ತಿದ್ದರು, ಮುಂದಿನ ಅಲೆ ಯಾವಾಗ, ಎಷ್ಟೆತ್ತರ ಅಂತ. ಅವರ ಕೈಕೆಳಗೆ ಅಂಕಿ ತುಂಬಿ ಗ್ರಾಫು ಎಳೆಯುವವಳು ನಾನು. ನನ್ನ ಬಾಯಿ ನಿಲ್ಲುವುದಿಲ್ಲ ಅಂತ ನನಗೆ ‘ರೇಡಿಯೋ’ ಅಂತಲೇ ಹೆಸರಿಟ್ಟಿದ್ದರು.

ಊಟಕ್ಕೆ ಕೂತಾಗ ಚಿಕ್ಕಮ್ಮ ಏನೋ ಹವಾಮಾನ ಕೇಳಿದ ಹಾಗೆ ಕೇಳುತ್ತಿದ್ದಳು.

“ಏನಂತೆ ನಿನ್ನ ಗೆರೆ?”

“ಮಲಗಿದೆ ಚಿಕ್ಕಮ್ಮ.”

“ಮಲಗ್ಲಿ ಬಿಡು. ಒಳ್ಳೇದೇ,” ಅಂದು ಎದ್ದು ಕೈ ತೊಳೆಯುತ್ತಿದ್ದಳು. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇರುತ್ತಿತ್ತು.

ಅದಕ್ಕೂ ಮುಂಚೆ ಒಂದು ಸಲ ನಮ್ಮ ಗೆರೆ ಬೆಟ್ಟದ ಹಾಗೆ ಎದ್ದಿತ್ತು. ಭಾರೀ ಅಲೆ ಬರುತ್ತದೆ ಅಂತ ಮೇಷ್ಟ್ರು ಬರೆದುಕೊಟ್ಟರು. ಅಪರೂಪಕ್ಕೆ ಕಚೇರಿಯವರು ಮಾತು ಕೇಳಿದರು. ಶಾಲೆ ಮುಚ್ಚಿತು, ಚಿತ್ರಮಂದಿರ ಮುಚ್ಚಿತು, ಜನ ಹೆದರಿ ಮನೆ ಸೇರಿದರು. ಅಲೆ ಮೊಣಕಾಲುದ್ದ ಎದ್ದು ಮಲಗಿಬಿಟ್ಟಿತು. ಆಮೇಲೆ ಶುರುವಾಯಿತು ನೋಡಿ. ಒಂದು ಪತ್ರಿಕೆಯಲ್ಲಿ ಮೇಷ್ಟ್ರ ವ್ಯಂಗ್ಯಚಿತ್ರ: ಒಣಗಿದ ಮರಳಿನ ಮೇಲೆ, ಸೊಂಟಕ್ಕೆ ಗಾಳಿ ತುಂಬಿದ ಟ್ಯೂಬು ಸಿಕ್ಕಿಸಿಕೊಂಡು ನಿಂತಿದ್ದಾರೆ. ಕಚೇರಿಯ ಜವಾನನೂ “ಸಾರ್, ಈಜೋಕೆ ಹೊರಟ್ರಾ?” ಅಂದುಬಿಟ್ಟ. ಅವತ್ತಿನಿಂದ ಮೇಷ್ಟ್ರು ಚಹಾಕ್ಕೆ ಹೊರಗೆ ಬರುವುದನ್ನೇ ಬಿಟ್ಟರು.

ಸೋಂಕು ಮತ್ತೆ ಮೆಲ್ಲಗೆ ಮೇಲೇಳತೊಡಗಿದಾಗ ಕಚೇರಿಯ ಸಾಹೇಬರು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: “ತಗಡಿನ ವಾರ್ಡು ಇಟ್ಕೊಳ್ಳೋದಾ, ಮುಚ್ಚೋದಾ?”

ಮೇಷ್ಟ್ರದ್ದು ಒಂದು ಪದ್ಧತಿ ಇತ್ತು. ಪ್ರತಿ ಮುನ್ಸೂಚನೆ ಆದ ಮೇಲೆ, ನಾವು ಹೇಳಿದ್ದೆಷ್ಟು, ಆಗಿದ್ದೆಷ್ಟು ಅಂತ ಎರಡನ್ನೂ ಕಂಪ್ಯೂಟರಿಗೆ ಕೊಟ್ಟು, ಮುಂದಿನ ಲೆಕ್ಕ ಹಾಕುವ ಅದರ ಮಾದರಿಯನ್ನು ತಿದ್ದುವುದು. ಅದಕ್ಕವರು “ಮಾದರಿಗೆ ಬುದ್ಧಿ ಹೇಳೋದು” ಅನ್ನುತ್ತಿದ್ದರು. ಈ ಸಲ ಬಾರದ ಆ ಅಲೆಯನ್ನೂ ಹಾಗೇ ಕೊಟ್ಟರು. ಮಾದರಿ ಬಲು ವಿಧೇಯವಾಗಿ ಕಲಿತುಕೊಂಡಿತು: ಹೀಗೆ ಏರುವ ಸೋಂಕು ತಾನಾಗಿಯೇ ಇಳಿಯುತ್ತದೆ.

ಪರದೆಯ ಮೇಲೆ ಮೂಡಿದ್ದು ಒಂದು ಪುಟಾಣಿ ಗುಡ್ಡ. ನಾನು ಮೇಷ್ಟ್ರ ಕಡೆ ತಿರುಗಿದೆ.

“ಸರ್, ಹೋದ ಸಲ ಅದು ತಾನಾಗಿ ಇಳೀಲಿಲ್ಲ. ನಾವು ಹೆದರಿಸಿದ್ವಿ, ಜನ ಬಾಗಿಲು ಹಾಕ್ಕೊಂಡ್ರು, ಅದಕ್ಕೆ ಇಳೀತು.”

“ಅಂಕಿ ಏನು ಹೇಳುತ್ತೋ ಅದು.”

“ಛತ್ರಿ ಹಿಡಿದಿದ್ದಕ್ಕೆ ನೆನೀಲಿಲ್ಲ ಸರ್. ಹಾಗಂತ ಮಳೆನೇ ಬರಲಿಲ್ಲ ಅಂತ ಬರ್ಕೊಂಡ್ರೆ ಹೇಗೆ? ಈ ಸಲ ಛತ್ರಿ ಬೇರೆ ಇಲ್ಲ.”

“ರೇಡಿಯೋ, ಸ್ವಲ್ಪ ಆಫ್ ಆಗಮ್ಮ.”

ನಾನು ಆಫ್ ಆಗಲಿಲ್ಲ. ಸಾಹೇಬರ ಮುಂದೆಯೂ ಅದನ್ನೇ ಹೇಳಿದೆ. ಸಾಹೇಬರು ಪೆನ್ನು ಕೆಳಗಿಟ್ಟು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾ, ತುಂಬಾ ಮೆತ್ತಗೆ ಕೇಳಿದರು:

“ನಿಮ್ಮ ಚಿಕ್ಕಮ್ಮ ಆ ವಾರ್ಡಲ್ಲೇ ಅಲ್ವೇನಮ್ಮಾ ಇರೋದು?”

ಸಾಹೇಬರು “ಓಹೋ” ಅಂದರು. ಅಷ್ಟೇ. ಅದಾದ ಮೇಲೆ ನಾನು ಎರಡಕ್ಕೆ ಎರಡು ಸೇರಿಸಿದರೆ ನಾಲ್ಕು ಅಂದಿದ್ದರೂ ಚಿಕ್ಕಮ್ಮನಿಗೋಸ್ಕರವೇ ಅಂದ ಹಾಗಿರುತ್ತಿತ್ತು.

“ಇದನ್ನ ಅಲೆ ಅಂತಾರೇನ್ರೀ?” ಸಾಹೇಬರು ಗ್ರಾಫಿನ ಮೇಲೆ ಬೆರಳಾಡಿಸಿ ನಕ್ಕರು. “ನಮ್ಮ ರಸ್ತೆ ಉಬ್ಬು ಇದಕ್ಕಿಂತ ಎತ್ತರ ಇದೆ.” ಮೇಷ್ಟ್ರೂ ನಕ್ಕರು. ಎಷ್ಟೋ ದಿನದ ಮೇಲೆ ಅವರು ನಕ್ಕಿದ್ದನ್ನು ಕಂಡೆ.

ವಾರ್ಡು ಮುಚ್ಚಿತು. ಚಿಕ್ಕಮ್ಮ ಚಪ್ಪಲಿ, ಲೋಟ, ಒಂದು ಸ್ವೆಟರು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

“ನೀನೇ ಎಳೆದಿದ್ದಾ ಆ ಗೆರೆ?”

“ಲೆಕ್ಕ ಮೇಷ್ಟ್ರದ್ದು. ನಾನು ಬೇಡ ಅಂತ ಬಡ್ಕೊಂಡೆ. ನಿಮ್ಮ ಚಿಕ್ಕಮ್ಮನಿಗೋಸ್ಕರ ಹೇಳ್ತಿದೀಯ ಅಂದ್ಬಿಟ್ರು.”

“ನಂಗೋಸ್ಕರನೇ ಹೇಳಿದ್ದೇನೇ?”

“ಇಲ್ಲಪ್ಪ. ಲೆಕ್ಕನೇ ತಪ್ಪಿತ್ತು.”

“ಅಯ್ಯೋ ಪಾಪಿ, ಸ್ವಲ್ಪನಾದ್ರೂ ಹೌದು ಅನ್ಬಾರ್ದಾ?” ಅಂದು ನಕ್ಕಳು. ನಗುತ್ತಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸ್ವಲ್ಪ ದಿನಕ್ಕೆ ಊರಾಚೆಯ ದೊಡ್ಡ ಮನೆಯೊಂದರಲ್ಲಿ ಹಾಸಿಗೆ ಹಿಡಿದ ಅಜ್ಜನನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲೇ ಇರಬೇಕು. ಮನೆಯವರಿಗೆ ಸೋಂಕಿನ ಭಯ, ಗೇಟು ದಾಟಿದರೆ ಮತ್ತೆ ಒಳಗೆ ಸೇರಿಸುವುದಿಲ್ಲ ಅಂತ ಷರತ್ತು.

ಇತ್ತ ಊರಿನಲ್ಲಿ ಎಲ್ಲ ತೆರೆದೇ ಇತ್ತು. ಚಿತ್ರಮಂದಿರದ ಮುಂದೆ ನೂಕುನುಗ್ಗಲು. ಹೆದರಬೇಡಿ ಅಂತ ನಾವೇ ಬರೆದುಕೊಟ್ಟಿದ್ದೆವಲ್ಲ. ನಮ್ಮ ಗ್ರಾಫಿನಲ್ಲಿ ಗೆರೆ ಬಾಗಬೇಕಾದ ಜಾಗ ಬಂತು. ಬಾಗಲಿಲ್ಲ. ಮರುವಾರ ಕಾಗದದ ಅಂಚು ದಾಟಿತು.

ತಗಡಿನ ವಾರ್ಡಿನ ಬೀಗ ತೆಗೆದರು. ಗೋದಾಮಿನಿಂದ ಮಂಚಗಳು ಒಂದೇ ದಿನದಲ್ಲಿ ಬಂದವು. ನರ್ಸುಗಳು ಗೋದಾಮಿನಲ್ಲಿರಲಿಲ್ಲ. ಒಬ್ಬಳು ಔಷಧಿ ಅಂಗಡಿ ಸೇರಿದ್ದಳು, ಒಬ್ಬಳು ಊರು ಬಿಟ್ಟಿದ್ದಳು, ಮಿಕ್ಕವರು ಫೋನೇ ಎತ್ತಲಿಲ್ಲ. ಚಿಕ್ಕಮ್ಮನೂ ಎತ್ತದೇ ಇದ್ದಾಗ ವಾರ್ಡಿನ ಡಾಕ್ಟರು ನನ್ನನ್ನು ಹಿಡಿದರು. ನಾನು ಆಸ್ಪತ್ರೆಯ ಅಂಗಳದಿಂದಲೇ ಅವಳಿಗೆ ಫೋನು ಹಚ್ಚಿದೆ.

“ಬಾ ಚಿಕ್ಕಮ್ಮ. ಇಲ್ಲಿ ಯಾರೂ ಇಲ್ಲ.”

“ಬಂದ್ರೆ ಈ ಮನೆ ಬಾಗಿಲು ಮುಚ್ತು. ಆ ವಾರ್ಡಿಗೆ ಮತ್ತೆ ಎಷ್ಟು ದಿನಕ್ಕೆ ಬೀಗ ಹಾಕ್ತೀರಿ ನೀವು? ನಿನ್ನ ಗೆರೆ ನೋಡಿ ಹೇಳು, ಬರ್ತೀನಿ.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

“ಗೊತ್ತಾಗಲ್ವಾ? ಅಷ್ಟು ದೊಡ್ಡ ಕಂಪ್ಯೂಟರ್ ಇಟ್ಕೊಂಡು?” ಅಂದಳು. ಆಮೇಲೆ ದನಿ ತಗ್ಗಿತು. “ತುಂಬಾ ಜನ ಇದಾರೇನೇ?”

“ಬೆಂಚಿನ ಮೇಲೆಲ್ಲಾ ಇದಾರೆ.”

ಅವಳ ಹಿಂದೆ ಅಜ್ಜ ಯಾರನ್ನೋ ಕರೆಯುತ್ತಿದ್ದ. “ಬಂದೆ,” ಅಂದಳು. ನನಗಲ್ಲ, ಅಜ್ಜನಿಗೆ. ಫೋನು ಕಟ್ಟಾಯಿತು.

ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಅವರ ಬೆನ್ನ ಹಿಂದೆ ಸಾಲು ಮಂಚ, ಹಾಸಿಗೆಗಳ ಪ್ಲಾಸ್ಟಿಕ್ಕು ಕೂಡ ಹರಿದಿರಲಿಲ್ಲ. ನೋಡಿಕೊಳ್ಳುವವರಿಲ್ಲದೆ ಅವುಗಳ ಮೇಲೆ ಯಾರನ್ನೂ ಮಲಗಿಸುವ ಹಾಗಿರಲಿಲ್ಲ. ಅಂಗಳದ ಬೆಂಚಿನ ಮೇಲೆ ಒಬ್ಬ ಹೆಂಗಸು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಖಾಲಿ ಮಂಚಗಳನ್ನೇ ನೋಡುತ್ತಿದ್ದಳು.

“ನಿಮ್ಮ ಚಿಕ್ಕಮ್ಮ ಬರ್ತಾರಾ?”

“ಇಲ್ಲ ಸರ್.”

“ಯಾಕಂತೆ?”

ಹೇಳಬೇಕಾದದ್ದು ಬೇಕಾದಷ್ಟಿತ್ತು.

“ಅಲ್ಲಿ ಕೆಲಸ ಖಾಯಂ ಅಂತೆ ಸರ್,” ಅಂದೆ.