ಮೇಷ್ಟ್ರ ಕೈ, ಕಢಿಯ ಸೌಟು

ಮಾವನವರ ಹತ್ತಿರ ಒಂದು ಮಾತು ಆಡಬೇಕಾದರೆ ಅವರು ಎದ್ದು ಹೋಗಲಾಗದ ಜಾಗವನ್ನು ಮೊದಲು ಹುಡುಕಬೇಕು. ಮನೆಯಲ್ಲಾದರೆ, ಮಾತು ತಮಗೆ ಹಿಡಿಸದ ಕಡೆ ಹೊರಳುತ್ತಿದೆ ಅನ್ನಿಸಿದ ಕೂಡಲೇ ಅವರಿಗೆ ಹಿತ್ತಿಲ ನಲ್ಲಿ ಸೋರುತ್ತಿರುವುದು ನೆನಪಾಗುತ್ತದೆ. ನನ್ನ ಹೆಂಡತಿ ಇದಕ್ಕೊಂದು ಉಪಾಯ ಕಂಡುಹಿಡಿದಳು. ಅವಳಪ್ಪ ತಟ್ಟೆಯಲ್ಲಿ ಊಟ ಬಿಟ್ಟು ಎಂದೂ ಎದ್ದವರಲ್ಲ. ಹಾಗಾಗಿ ತಟ್ಟೆ ಖಾಲಿಯಾಗಲು ಬಿಡದ ಕಡೆ ಅವರನ್ನು ಕೂರಿಸಬೇಕು. ಅತ್ತೆ, ಮಾವ, ನಾವಿಬ್ಬರು, ಒಟ್ಟು ನಾಲ್ವರು ಆ ಭಾನುವಾರ ಮಧ್ಯಾಹ್ನ ಗುಜರಾತಿ ಥಾಲಿಯ ಹೋಟೆಲಿಗೆ ಹೋದದ್ದು ಹೀಗೆ.

ಆಡಬೇಕಾಗಿದ್ದ ಮಾತು ಸಣ್ಣದು: ಕಾರಿನ ಕೀ ಕೊಟ್ಟುಬಿಡಿ. ಮಾವನವರಿಗೆ ಎಪ್ಪತ್ತಾರು. ನಲವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ರಸ್ತೆಯಲ್ಲಿ ಗಾಡಿ ಓಡಿಸುವ ಅರ್ಧ ಜನಕ್ಕೆ ಅವರು ಮೇಷ್ಟ್ರು. ಹೋದ ತಿಂಗಳು ಅದೇ ಮೇಷ್ಟ್ರು ಕಾರಿನ ಮುಂದಿನ ಚಕ್ರಗಳೆರಡನ್ನೂ ಒಂದು ಕ್ಷೌರದಂಗಡಿಯ ಮೆಟ್ಟಿಲು ಹತ್ತಿಸಿದರು. ಒಂದೇ ಕೆನ್ನೆಗೆ ಕ್ಷೌರವಾಗಿದ್ದ ಗಿರಾಕಿ ಕತ್ತಿನ ಬಟ್ಟೆಯ ಸಮೇತ ಬೀದಿಗೆ ಓಡಿ ಬಂದ. ಮೆಟ್ಟಿಲನ್ನು ರಸ್ತೆಗೆ ಚಾಚಿ ಕಟ್ಟಿದ್ದಾರೆ ಎಂಬುದು ಮಾವನವರ ವಾದ. ಇದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ನಮ್ಮ ಏಳು ವರ್ಷದ ಮಗಳ ಸ್ಕೂಲ್ ವ್ಯಾನ್ ನಿಂತುಹೋಗಿತ್ತು. ಸೋಮವಾರದಿಂದ, ಅಂದರೆ ಮರುದಿನದಿಂದ, ಮೊಮ್ಮಗಳನ್ನು ಶಾಲೆಗೆ ಬಿಡುವ ಕೆಲಸ ತನ್ನದು ಎಂದು ತಾತ ಘೋಷಿಸಿಬಿಟ್ಟಿದ್ದರು. ಮೊಮ್ಮಗಳು ಕುಣಿದಳು. ಅವಳಮ್ಮನಿಗೆ ಅವತ್ತಿನಿಂದ ಊಟ ರುಚಿಸುತ್ತಿರಲಿಲ್ಲ.

ಇದು ನಾನು ಹೇಳಿದರೆ ನಡೆಯುವ ಮಾತಲ್ಲ. ಮಾವನವರ ಸ್ಕೂಲಿನಲ್ಲಿ ಕಲಿತು ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದ ಏಕೈಕ ವಿದ್ಯಾರ್ಥಿ ನಾನು. ಮಗಳನ್ನು ಕೊಟ್ಟರು, ಸ್ಟೇರಿಂಗ್ ಕೊಡಲಿಲ್ಲ.

ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮಾವನವರ ಕಾರಿನಲ್ಲೇ ಹೊರಟೆವು, ಓಡಿಸಿದ್ದು ಅವರೇ. ಹತ್ತು ನಿಮಿಷದ ದಾರಿಗೆ ಮೂವತ್ತೈದು ನಿಮಿಷ ಹಿಡಿಯಿತು. ಒಂದೇ ಟೈರ್ ಅಂಗಡಿಯನ್ನು ಎರಡು ಸಲ ದಾಟಿದೆವು. ಇದೇನು ಪ್ರದಕ್ಷಿಣೆ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, ದೊಡ್ಡ ರಸ್ತೆಯಲ್ಲಿ ಗಾಡಿಗಳ ಗಲಾಟೆ ಜಾಸ್ತಿ ಅಂದರು. ಅತ್ತೆ ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಹೋಟೆಲಿನ ಹಾಲ್ ತುಂಬಿತ್ತು. ಚಕ್ರದಷ್ಟಗಲದ ತಟ್ಟೆ, ಅದರ ಅಂಚಿಗೆ ಎಂಟು ಬಟ್ಟಲು, ಒಂದೊಂದು ಪಾತ್ರೆಗೂ ಒಬ್ಬೊಬ್ಬ ಬಡಿಸುವವನು. ಇನ್ನೂರು ಬಟ್ಟಲಿನ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ. ಅದಕ್ಕೇ ನಡುವೆ ಕಪ್ಪು ಕೋಟು ಹಾಕಿಕೊಂಡ ಮೇಲ್ವಿಚಾರಕನೊಬ್ಬ ತುಟಿ ಎರಡು ಮಾಡದೆ ನಿಂತಿದ್ದ. ಕೈ ಆಡಿಸುವುದಷ್ಟೇ ಅವನ ಕೆಲಸ. ಅವನು ಎರಡು ಬೆರಳು ಎತ್ತಿದರೆ ಒಂದು ಮೂಲೆಗೆ ರೋಟ್ಲಿ ಎಂಬ ತೆಳು ಚಪಾತಿ ಹೋಗುತ್ತಿತ್ತು. ಚಿಟಿಕೆ ತೋರಿಸಿದರೆ ಇನ್ನೊಂದು ಮೂಲೆಗೆ ತುಪ್ಪ. ಬಡಿಸುವವರ ಕಣ್ಣೆಲ್ಲ ಕೈಗಳ ಮೇಲೆ. ಆದರೆ ಇದು ನಮಗೆ ತಿಳಿದದ್ದು ಅನಾಹುತವಾದ ಮೇಲೆ.

ಮಾವನವರಿಗೂ ಕೈಯಿಲ್ಲದೆ ಮಾತಿಲ್ಲ. ಇಂಡಿಕೇಟರ್ ಕೆಟ್ಟ ಕಾರುಗಳಲ್ಲಿ ಕಲಿಸಿದವರು. ನಿಧಾನಿಸು, ತಿರುಗು, ನಿಲ್ಲು, ಎಲ್ಲವನ್ನೂ ಕಿಟಕಿಯಾಚೆ ಕೈ ಚಾಚಿ ಹೇಳಿದವರು. ಕಲಿಯುವವನಿಗೆ ಹೆದರಿಕೆಯಲ್ಲಿ ಮಾತು ಕೇಳಿಸುವುದಿಲ್ಲ, ಕೈ ಮಾತ್ರ ಕಾಣಿಸುತ್ತದೆ ಎಂಬುದು ಅವರ ಸಿದ್ಧಾಂತ.

ನನ್ನ ಹೆಂಡತಿ ಮೊದಲ ತುತ್ತಿಗೇ ಶುರು ಮಾಡಿದಳು. "ಅಪ್ಪ, ಒಂದು ವಿಷ್ಯ ಮಾತಾಡ್ಬೇಕು."

"ಊಟ ಮಾಡು, ಆಮೇಲೆ ನೋಡೋಣ," ಎಂದು ಮಾವ ಕೈ ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ, ಮೇಲೆ ಕೆಳಗೆ ಆಡಿಸಿದರು. ನಿಧಾನಿಸು ಎಂದು ಅರ್ಥ. ಬೆನ್ನ ಹಿಂದಿನಿಂದ ಸೌಟೊಂದು ಇಳಿದು ನಾಲ್ವರ ಬಟ್ಟಲಿಗೂ ಕಢಿ ಸುರಿಯಿತು. ಕಢಿಯೆಂದರೆ ಗುಜರಾತಿಗಳ ಮಜ್ಜಿಗೆ ಹುಳಿ, ಬೆಲ್ಲ ಬಿದ್ದದ್ದು. ಒಳ್ಳೆಯ ಉಪಚಾರ ಅಂದುಕೊಂಡೆವು.

ಅವಳು ಕ್ಷೌರದಂಗಡಿಯ ವಿಷಯ ಎತ್ತಿದಳು. ಅಲ್ಲಿ ತಪ್ಪು ಯಾರದೆಂದು ವಿವರಿಸಲು ಮಾವ ತೋಳು ಚಾಚಿ ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿದರು. ಪೂರಿಯವನು ಓಡಿ ಬಂದು ತಟ್ಟೆಗೆ ಎರಡೆರಡರಂತೆ ಹಾಕಿ ಹೋದ. ಮೆಟ್ಟಿಲಿನ ಎತ್ತರ ತೋರಿಸಿದಾಗ ಶ್ರೀಖಂಡ ಬಂತು. ಹಿಂಬದಿಯ ಗಾಡಿಯವನು ದಾರಿ ಕೊಡಲಿಲ್ಲ ಅಂದಾಗ ಮತ್ತೆ ಕಢಿ. ಬಟ್ಟಲು ತುಂಬಿದೆ ಎಂದು ನಾನು ಕೈ ಅಡ್ಡ ಹಿಡಿದೆ. ಬಡಿಸುವವನು ನನ್ನ ಕೈ ನೋಡಿದ, ಮಾವನವರ ಕೈ ನೋಡಿದ, ಯಜಮಾನರು ಯಾರೆಂದು ತೀರ್ಮಾನಿಸಿ ನನ್ನ ಬೆರಳುಗಳ ಸಂದಿಯಿಂದಲೇ ಸುರಿದ.

ಮಾವ ತಟ್ಟೆ ಖಾಲಿ ಮಾಡುವ ಛಲದಲ್ಲಿ ಬೆವರುತ್ತಿದ್ದರು. ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನೇನು ಮಾಡಲಿ? ಅತ್ತೆಯೊಬ್ಬರೇ ಬಂದದ್ದನ್ನೆಲ್ಲ ಶಾಂತವಾಗಿ ತಿನ್ನುತ್ತಿದ್ದರು.

ಕೊನೆಗೆ ಅವಳು ನೇರವಾಗಿ ಹೇಳಿಬಿಟ್ಟಳು. "ಅಪ್ಪ, ನಾಳೆ ಮಗೂನ ನಿನ್ ಜೊತೆ ಕಳಿಸಲ್ಲ. ಕಾರಿನ ಕೀ ನನಗೆ ಕೊಡು."

ಮಾವನವರ ಬಲಗೈ ಭುಜದ ಮಟ್ಟಕ್ಕೆ ಎದ್ದು, ಅಂಗೈ ಮುಂದೆ ಮಾಡಿ ನಿಂತಿತು. ನಿಲ್ಲಿಸು ಎಂದು ಅರ್ಥ. ಅದು ಅವರ ಅರ್ಥ. ಆ ಹಾಲಿನಲ್ಲಿ ಅದರ ಅರ್ಥ, ಈ ಮೇಜಿಗೆ ಎಲ್ಲವೂ ಇನ್ನೊಂದು ಸುತ್ತು. ದಾಲ್, ಎರಡು ಪಲ್ಯ, ಢೋಕ್ಲಾ, ಪೂರಿ, ಅನ್ನ, ಕಢಿ ಹಿಡಿದು ಬಡಿಸುವವರು ಒಬ್ಬರ ಹಿಂದೊಬ್ಬರು ದಿಬ್ಬಣದಂತೆ ಬಂದರು. ಅಪ್ಪ ಮಗಳು ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ತೋಳುಗಳು ನಡುವೆ ಆಡಿದವು. ಪಕ್ಕದ ಮೇಜಿನ ಸಂಸಾರ ರೋಟ್ಲಿಗೆ ಕಾದು ಕಾದು ನಮ್ಮನ್ನು ದುರುಗುಟ್ಟಿ ನೋಡಿತು.

ದಿಬ್ಬಣ ಚದುರಿದ ಮೇಲೆ ಕಪ್ಪು ಕೋಟಿನವನೇ ನಮ್ಮ ಮೇಜಿಗೆ ಬಂದ. ಅವನ ಬಾಯಿಂದ ಮಾತು ಹೊರಟಿದ್ದನ್ನು ಬಡಿಸುವವರೂ ನಿಂತು ಕೇಳಿದರು.

"ಯಜಮಾನ್ರೇ, ಇಪ್ಪತ್ತು ನಿಮಿಷದಿಂದ ನನ್ನ ಹುಡುಗರು ನಿಮ್ಮ ಕೈ ನೋಡಿ ಓಡಾಡ್ತಿದಾರೆ. ಒಂದೋ ನೀವು ಊಟ ಮಾಡಿ. ಇಲ್ಲಾಂದ್ರೆ ಕೋಟು ಬಿಚ್ಚಿ ಕೊಡ್ತೀನಿ, ನೀವು ನಿಂತ್ಕೊಳ್ಳಿ, ನಾನು ಕೂತು ಉಣ್ತೀನಿ."

ಯಾವ ಸನ್ನೆಗೆ ಯಾವ ಪಾತ್ರೆ ಎಂಬುದನ್ನು ಅವನು ಬೇಸರದಿಂದಲೇ ವಿವರಿಸಿದ. ಮಾವ ಗಮನವಿಟ್ಟು ಕೇಳಿ, ಪದ್ಧತಿ ಚೆನ್ನಾಗಿದೆ ಎಂದು ಮೆಚ್ಚಿದರು. ಆಮೇಲೆ ತುತ್ತಿಗೆ ಬಲಗೈಯೊಂದನ್ನೇ ಬಿಟ್ಟು ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡರು. ತಟ್ಟೆಯಲ್ಲಿನ್ನೂ ಎರಡು ಪೂರಿ ಇದ್ದವು. ಏಳುವಂತಿಲ್ಲ, ಕೈ ಎತ್ತುವಂತಿಲ್ಲ. ಮೆಟ್ಟಿಲು, ಹಿಂಬದಿಯ ಗಾಡಿ, ಎಲ್ಲ ವಾದಗಳೂ ಅವರ ಕೈಯಲ್ಲೇ ಇದ್ದವೆಂದು ಕಾಣುತ್ತದೆ. ಕೈ ಕಟ್ಟಿಹಾಕಿದ ಮೇಲೆ ಬಾಯಿಗೆ ಬಂದದ್ದು ಬೇರೆಯೇ.

"ಬಲಕ್ಕೆ ತಿರುಗಿ ಆರು ತಿಂಗಳಾಯ್ತು," ಎಂದರು, ಪೂರಿಗೆ ಹೇಳುವವರಂತೆ.

ನಮಗೆ ಅರ್ಥವಾಗಲಿಲ್ಲ.

"ಎದುರಿಂದ ಬರೋ ಗಾಡಿ ದೂರದಲ್ಲಿದ್ಯಾ, ಹತ್ರ ಇದ್ಯಾ, ಗೊತ್ತಾಗಲ್ಲ. ಎಡಕ್ಕಾದ್ರೆ ಯಾರನ್ನೂ ಅಡ್ಡ ಹಾಯೋ ಹಾಗಿಲ್ವಲ್ಲ. ಬರೀ ಎಡಕ್ಕೆ ತಿರುಗಿ ತಿರುಗಿ ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ಹೊತ್ತು ಜಾಸ್ತಿ ಹಿಡಿಯತ್ತೆ, ಅಷ್ಟೇ."

ನನ್ನ ಹೆಂಡತಿ ತಾಯಿಯ ಕಡೆ ತಿರುಗಿದಳು. ಅತ್ತೆ ಬಾಯಿ ಒರೆಸಿಕೊಂಡರು. "ನನಗೆ ಮೊದಲೇ ಗೊತ್ತಿತ್ತು. ಊರೆಲ್ಲ ನೋಡಿದ ಹಾಗಾಗತ್ತೆ ಅಂತ ಸುಮ್ನಿದ್ದೆ."

ಅವಳು ಯಾರ ಮೇಲೆ ರೇಗಬೇಕೆಂದು ತಿಳಿಯದೆ ನನ್ನ ಮೇಲೆ ರೇಗಿದಳು. ನನಗೆ ಅಭ್ಯಾಸವಿದೆ.

"ಶಾಲೆಗೂ ಎಡಕ್ಕೇ ದಾರಿ ಹುಡುಕಿಟ್ಟಿದ್ದೆ. ಹನ್ನೊಂದು ತಿರುವು," ಎಂದರು ಮಾವ. ಅವರ ದನಿಯಲ್ಲಿ ವಾದವಿರಲಿಲ್ಲ. ಮನೆಪಾಠ ಮಾಡಿಕೊಂಡು ಬಂದಿದ್ದೇನೆ ಎಂಬ ಹುಡುಗನ ದನಿ. ಅವರು ಪೂರಿಗಳನ್ನು ಮುಗಿಸಿದರು, ಕಢಿಯ ಬಟ್ಟಲನ್ನು ಎತ್ತಿ ಕುಡಿದರು, ಕೈ ತೊಳೆದು ಬಂದು, ಅಂಗಿಯ ಜೇಬಿನಿಂದ ಕೀ ತೆಗೆದು ಅವಳ ತಟ್ಟೆಯ ಪಕ್ಕದಲ್ಲಿಟ್ಟರು. ಅವಳ ಕೈಗೆ ಕೊಡಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾವು ಪುಣ್ಯವಂತರು. ಕಾರಿನ ಹತ್ತಿರ ಬಂದಾಗ ಮಾವ ಯಾರನ್ನೂ ಕೇಳದೆ ಮುಂದಿನ ಎಡ ಸೀಟಿನಲ್ಲಿ ಕೂತರು. ನಲವತ್ತು ವರ್ಷ ಅವರು ಕೂತಿದ್ದೇ ಅಲ್ಲಿ. ಸ್ಕೂಲಿನ ಕಾರಿನಲ್ಲಿ ಆ ಕಡೆಗೂ ಒಂದು ಬ್ರೇಕ್ ಇತ್ತು. ನನ್ನ ಹೆಂಡತಿ ಕಾರು ಶುರು ಮಾಡಿದಳು. "ಕನ್ನಡಿ," ಅಂದರು. ನೋಡಿದಳು. "ಕ್ಲಚ್ ಪೂರ್ತಿ ಒತ್ತು," ಅಂದರು. ಗೇಟು ದಾಟುವುದರೊಳಗೆ ಅವರ ಬಲಗಾಲು ಖಾಲಿ ನೆಲವನ್ನು ನಾಲ್ಕು ಸಲ ತುಳಿದಿತ್ತು. ಐದನೆಯದಕ್ಕೆ ಅವಳು ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದಳು.

"ಅಪ್ಪ, ಇಳಿದು ಹಿಂದೆ ಕೂತ್ಕೋ."

ಮಾವ ಇಳಿದರು. ಅತ್ತೆ ತಡಮಾಡದೆ ಮುಂದೆ ಹೋಗಿ ಕೂತು, ಸೆರಗು ಸರಿಮಾಡಿಕೊಂಡು, ರಸ್ತೆಯನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದರು. "ಇಷ್ಟು ವರ್ಷ ಇವರ ತಲೆ ಹಿಂಭಾಗ ನೋಡಿ ನೋಡಿ ಸಾಕಾಗಿತ್ತು ಕಣೆ," ಎಂದರು.

ನನ್ನ ಪಕ್ಕದಲ್ಲಿ ಮಾವ ಮಂಡಿ ಮಡಚಿಕೊಂಡು ಕೂತಿದ್ದರು. ಅಲ್ಲಿಂದ ಸ್ಪೀಡೋಮೀಟರ್ ಕಾಣುವುದಿಲ್ಲ. ಕತ್ತು ಚಾಚಿ ಚಾಚಿ ಸೋತರು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದರು, "ನಾಳೆ ಮಗೂನ ಯಾರು ಬಿಡ್ತಾರೆ?"

"ನಾನೇ," ಎಂದಳು ನನ್ನ ಹೆಂಡತಿ.

"ಹಾಗಾದ್ರೆ ನಾನೂ ಬರ್ತೀನಿ. ಅವಳ ಜೊತೆ ಹಿಂದೆ ಕೂತಿರ್ತೀನಿ. ಏನೂ ಮಾತಾಡಲ್ಲ."

ನನ್ನ ಹೆಂಡತಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಾನು ಕಿಟಕಿಯಾಚೆ ನೋಡಿದೆ.

"ಏಳೂವರೆಗೆ ಬಾಗಿಲ ಹತ್ರ ನಿಂತಿರು," ಎಂದಳು. "ಹಾರ್ನ್ ಹಾಕಲ್ಲ ನಾನು."